ಹಳ್ಳಿಯಿಂದ ಬಂದವರಿಗೆ ಕಾದಂಬರಿ ಕೊಡುವ ವಿಳಾಸ

ಚೀನಾದ ಲೇಖಕ ಲಾವೊ ಷೆ 1936-37ರಲ್ಲಿ ಧಾರಾವಾಹಿಯಾಗಿ ಪ್ರಕಟಿಸಿದ, ಬೀಜಿಂಗಿನ ರಿಕ್ಷಾ ಎಳೆಯುವವನೊಬ್ಬನ ಕಾದಂಬರಿಗೆ ಮೂರು ಕೊನೆಗಳಿವೆ. ತಂದೆತಾಯಿಯನ್ನೂ ಇದ್ದ ತುಂಡು ಹೊಲವನ್ನೂ ಕಳೆದುಕೊಂಡು ಹದಿನೆಂಟರ ಹರೆಯದಲ್ಲಿ ನಗರಕ್ಕೆ ಬಂದ ಷಿಯಾಂಗ್‌ಜಿಗೆ ಸ್ವಂತದ್ದೊಂದು ರಿಕ್ಷಾ ಕೊಳ್ಳಬೇಕೆಂಬುದಷ್ಟೇ ಆಸೆ. ಕೊಳ್ಳುತ್ತಾನೆ, ಸೈನಿಕರು ಕಿತ್ತುಕೊಳ್ಳುತ್ತಾರೆ. ಮತ್ತೆ ಕೂಡಿಡುತ್ತಾನೆ, ಅದೂ ಕೈಬಿಟ್ಟು ಹೋಗುತ್ತದೆ. ಲೇಖಕರು ಮೊದಲು ಬರೆದ ಕೊನೆಯಲ್ಲಿ ಅವನು ಪೂರ್ತಿ ಕುಸಿದು, ಮದುವೆ ಮತ್ತು ಶವಯಾತ್ರೆಗಳ ಮೆರವಣಿಗೆಯಲ್ಲಿ ಬಾವುಟ ಹಿಡಿದು ನಡೆಯುವ ಬಾಡಿಗೆಯ ಆಳಾಗುತ್ತಾನೆ. 1945ರಲ್ಲಿ ಅಮೆರಿಕದಲ್ಲಿ ಹೊರಬಂದ ಅನುವಾದದಲ್ಲಿ ಅನುವಾದಕನು ಈ ಕೊನೆಯನ್ನು ತೆಗೆದುಹಾಕಿ, ನಾಯಕನು ತಾನು ಪ್ರೀತಿಸಿದ ಹೆಣ್ಣನ್ನು ಪಾರುಮಾಡಿ ಸುಖ ಕಾಣುವಂತೆ ಬದಲಿಸಿದ. 1955ರ ಚೀನೀ ಆವೃತ್ತಿಯಲ್ಲಿ ಲೇಖಕರೇ ಕೊನೆಯ ಒಂದೂವರೆ ಅಧ್ಯಾಯವನ್ನು ಕೈಬಿಟ್ಟರು. ದುಡಿಯುವವನ ಪತನವನ್ನು ಹೇಳುವ ಆ ಪುಟಗಳಿಗೆ ಹೊಸ ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಜಾಗ ಸಿಗುವುದು ಕಷ್ಟವಿತ್ತು.

ಇದನ್ನು ಸಾಹಿತ್ಯ ಚರಿತ್ರೆಯ ಒಂದು ಸ್ವಾರಸ್ಯವೆಂದು ಓದಿ ಮುಂದೆ ಹೋಗಬಹುದು. ಆದರೆ ಹಳ್ಳಿಯಿಂದ ನಗರಕ್ಕೆ ಬಂದವರ ಬಗ್ಗೆ ನಗರದ ಕಥನ ಏನು ಮಾಡುತ್ತ ಬಂದಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಲೇಖಕ, ಅನುವಾದಕ, ಪ್ರಕಾಶಕ, ಓದುಗ, ಪ್ರಭುತ್ವ, ಇವರೆಲ್ಲರಿಗೂ ಈ ಮನುಷ್ಯನ ವಿಷಯದಲ್ಲಿ ಒಂದು ತೀರ್ಮಾನ ಬೇಕು. ಅವನು ನಗರದಲ್ಲಿ ಗೆದ್ದನೋ, ಸೋತನೋ, ಅಥವಾ ಊರಿಗೆ ಮರಳಿದನೋ ಎಂಬುದನ್ನು ಪುಸ್ತಕ ಮುಚ್ಚುವ ಮೊದಲು ಹೇಳಲೇಬೇಕು. ವಲಸಿಗನ ಅಸ್ಮಿತೆಯ ಪ್ರಶ್ನೆ ಎಂದು ನಾವು ಕರೆಯುವುದರ ಬಹುಪಾಲು, ಕಥೆಯನ್ನು ಮುಗಿಸಬೇಕಾದ ಈ ಒತ್ತಡದಿಂದ ಹುಟ್ಟಿದ್ದು ಎಂಬುದು ನನ್ನ ವಾದ. ನಿಜ ಬದುಕಿನಲ್ಲಿ ಹೆಚ್ಚಿನವರು ಹೋಗುತ್ತಾರೆ, ಬರುತ್ತಾರೆ, ಮತ್ತೆ ಹೋಗುತ್ತಾರೆ; ಬಿತ್ತನೆಗೆ ಊರಿನಲ್ಲಿದ್ದು ಬೇಸಗೆಯಲ್ಲಿ ಕಟ್ಟಡದ ಕೆಲಸಕ್ಕೆ ಬರುತ್ತಾರೆ; ಇಪ್ಪತ್ತು ವರ್ಷ ನಗರದಲ್ಲಿ ದುಡಿದು ಆ ದುಡ್ಡಿನಲ್ಲಿ ಊರಿನಲ್ಲಿ ಮನೆ ಕಟ್ಟುತ್ತಾರೆ, ಆ ಮನೆಗೆ ಬೀಗ ಹಾಕಿ ಮತ್ತೆ ನಗರದ ಒಂದೇ ಕೋಣೆಗೆ ಬರುತ್ತಾರೆ. ಈ ಚಲನೆಗೆ ನಮ್ಮ ಕಾದಂಬರಿಯಲ್ಲಿ ಒಂದು ಆಕಾರವೇ ಇನ್ನೂ ಸಿಕ್ಕಿಲ್ಲ.

ಆಕಾರ ಸಿಗದಿರುವುದಕ್ಕೆ ಕಾರಣವಿದೆ. ಹಳ್ಳಿಯಿಂದ ಅಥವಾ ಸಣ್ಣ ಪಟ್ಟಣದಿಂದ ಮಹಾನಗರಕ್ಕೆ ಬರುವ ತರುಣನ ಕಥೆ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಪಕ್ಕಾ ಆದ ಕಥೆ. ಫ್ರೆಂಚ್ ಕಾದಂಬರಿಕಾರ ಬಾಲ್ಜಾಕ್ 1835ರಲ್ಲಿ ಚಿತ್ರಿಸಿದ ರಾಸ್ತಿನ್ಯಾಕ್ ಕಾನೂನು ಓದಲು ಪ್ಯಾರಿಸಿಗೆ ಬಂದವನು. ಕಾದಂಬರಿಯ ಕೊನೆಯಲ್ಲಿ ಸ್ಮಶಾನದ ದಿಬ್ಬದ ಮೇಲೆ ನಿಂತು ಕೆಳಗಿನ ನಗರಕ್ಕೆ ಸವಾಲು ಹಾಕುತ್ತಾನೆ. ಅವನಿಗೆ ಓದಿದೆ, ಕುಲದ ಹೆಸರಿದೆ, ಮೇಲೇರುವ ಏಣಿ ಇದೆ. ಅವನು ಒಮ್ಮೆ ಬಂದರೆ ಬಂದಂತೆಯೇ. ಈ ತರುಣನಿಗಾಗಿ ರೂಪುಗೊಂಡ ಕಥಾಮಾದರಿಯನ್ನು ಮುಂದೆ ಕೂಲಿಯವನಿಗೂ, ರಿಕ್ಷಾ ಎಳೆಯುವವನಿಗೂ, ಗಣಿ ಕಾರ್ಮಿಕನಿಗೂ, ಮನೆಗೆಲಸದವಳಿಗೂ ಹೊಂದಿಸಲಾಯಿತು. ಏಣಿ ಇಲ್ಲದವನಿಗೆ ಏರಿನ ಕಥೆಯನ್ನು ಹೊಂದಿಸಿದಾಗ ಉಳಿಯುವುದು ಬೀಳುವ ಕಥೆಯೊಂದೇ. ಅದು ಬೇಡವೆಂದಾದರೆ ಅವನನ್ನು ವಾಪಸು ಕಳಿಸಬೇಕು.

ವಾಪಸು ಕಳಿಸುವ ಕಥೆಗಳು ಬಹಳ ಇವೆ, ಅವುಗಳಲ್ಲಿ ಕೆಲವು ಮಹತ್ವದವು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಹೆಸರಿನಲ್ಲೇ ತನ್ನ ದಿಕ್ಕನ್ನು ಹೇಳುತ್ತದೆ: ಮೂರನೆಯ ತಲೆಮಾರಿನ ರಾಮ ಮದ್ರಾಸನ್ನೂ ಮುಂಬಯಿಯನ್ನೂ ಕಂಡು ಕೊನೆಗೆ ಕಡಲ ತಡಿಯ ಊರಿಗೆ ಹಿಂದಿರುಗುತ್ತಾನೆ. ಕಾರಂತರ ಕೈಯಲ್ಲಿ ಈ ಮರಳುವಿಕೆ ಸುಲಭದ ಸಮಾಧಾನವಾಗಿಲ್ಲ; ಆ ಮಣ್ಣಿನಲ್ಲಿ ಹೆಂಗಸರು ಜೀವ ತೇಯ್ದದ್ದನ್ನು ಅವರು ಪುಟಪುಟಗಳಲ್ಲಿ ತೋರಿಸಿದ ಮೇಲೆಯೇ ರಾಮ ಅಲ್ಲಿಗೆ ಬರುತ್ತಾನೆ. ದಕ್ಷಿಣ ಆಫ್ರಿಕಾದ ವಿಮರ್ಶಕರು ‘ಜಿಮ್ ಜೋಬರ್ಗಿಗೆ ಬಂದ’ ಎಂದೇ ಹೆಸರಿಟ್ಟು ಗುರುತಿಸುವ ಒಂದು ಕಥಾಮಾದರಿಯೂ ಇದೆ: ಹಳ್ಳಿಯ ಮುಗ್ಧ ಮನುಷ್ಯ ಜೋಹಾನ್ಸ್‌ಬರ್ಗಿಗೆ ಬರುತ್ತಾನೆ, ನಗರ ಅವನನ್ನು ಕೆಡಿಸುತ್ತದೆ. ಆ್ಯಲನ್ ಪೇಟನ್ ಅವರ 1948ರ ಕಾದಂಬರಿಯಲ್ಲಿ ವೃದ್ಧ ಪಾದ್ರಿ ತಂಗಿಯನ್ನೂ ಮಗನನ್ನೂ ಹುಡುಕುತ್ತ ಆ ನಗರಕ್ಕೆ ಹೋಗಿ, ಮಗನನ್ನು ನೇಣುಗಂಬಕ್ಕೆ ಒಪ್ಪಿಸಿ ಹಳ್ಳಿಗೆ ಮರಳುತ್ತಾನೆ. ಅದಕ್ಕೆ ಎರಡು ವರ್ಷ ಮೊದಲೇ ಬಂದ ಪೀಟರ್ ಅಬ್ರಹಾಮ್ಸ್ ಅವರ ಗಣಿ ಕಾರ್ಮಿಕನ ಕಾದಂಬರಿ ಬೇರೆ ದಾರಿ ಹಿಡಿದಿತ್ತು; ಅದರ ನಾಯಕ ಹಳ್ಳಿಗೆ ಓಡುವುದಿಲ್ಲ, ಗಣಿಯೊಳಗೆ ಇಳಿಯಲು ನಿರಾಕರಿಸಿದ ಕಾರ್ಮಿಕರ ಜೊತೆ ನಿಲ್ಲುತ್ತಾನೆ. ಅವನು ಎಲ್ಲಿಯವನು ಎಂಬುದನ್ನು ಅವನ ಕೆಲಸ ಮತ್ತು ಅವನ ಪಕ್ಕದಲ್ಲಿ ನಿಂತವರು ನಿರ್ಧರಿಸುತ್ತಾರೆ. ಆದರೆ ಹೊರ ಜಗತ್ತಿನಲ್ಲಿ ಹೆಚ್ಚು ಓದುಗರನ್ನು ಪಡೆದದ್ದು ಪಾದ್ರಿಯ ಕಥೆ.

ವಲಸಿಗನನ್ನು ಒಂದೇ ಊರಿಗೆ ಕಟ್ಟಿಹಾಕಬೇಕೆಂಬ ಹಟ ಕಾದಂಬರಿಯದ್ದಷ್ಟೇ ಅಲ್ಲ. ಆಡಳಿತದ ಹಟ ಅದಕ್ಕಿಂತ ಹಳೆಯದು, ಹೆಚ್ಚು ಕಠಿಣವಾದದ್ದು. ಅದೇ ದಕ್ಷಿಣ ಆಫ್ರಿಕಾದಲ್ಲಿ 1952ರಲ್ಲಿ ತಿದ್ದುಪಡಿಯಾದ ಕಾನೂನಿನ ಹತ್ತನೆಯ ಕಲಂ ಪ್ರಕಾರ, ಕಪ್ಪು ಜನರಲ್ಲಿ ನಗರದಲ್ಲೇ ಹುಟ್ಟಿ ಬೆಳೆದವರು, ಒಬ್ಬನೇ ಮಾಲೀಕನ ಕೈಕೆಳಗೆ 10 ವರ್ಷ ದುಡಿದವರು, ಇಲ್ಲವೇ 15 ವರ್ಷ ಕಾನೂನುಬದ್ಧವಾಗಿ ಅಲ್ಲೇ ವಾಸವಿದ್ದವರು, ಇವರಿಗೆ ಮತ್ತು ಇವರ ಹೆಂಡತಿ ಮಕ್ಕಳಿಗೆ ಮಾತ್ರ ನಗರದಲ್ಲಿ ಉಳಿಯುವ ಹಕ್ಕು ದೊರೆಯುತ್ತಿತ್ತು. ಉಳಿದವರು 72 ಗಂಟೆಗಳಿಗಿಂತ ಹೆಚ್ಚು ಕಾಲ ಅಲ್ಲಿರಲು ಅನುಮತಿ ಪಡೆಯಬೇಕಿತ್ತು. ಈ ಪಾಸ್ ಕಾನೂನುಗಳು ರದ್ದಾದದ್ದು 1986ರಲ್ಲಿ. ಚೀನಾದಲ್ಲಿ 1958ರ ನಿಯಮಗಳು ಪ್ರತಿಯೊಂದು ಕುಟುಂಬವನ್ನೂ ‘ಹುಕೋ’ ಎಂಬ ನೋಂದಣಿಯ ಮೂಲಕ ಗ್ರಾಮೀಣ ಅಥವಾ ನಗರ ಎಂದು ವಿಂಗಡಿಸಿ ನಿಲ್ಲಿಸಿದವು. ಕಾರ್ಖಾನೆಗಳು ಬಂದು ಕೋಟಿಗಟ್ಟಲೆ ಜನ ನಗರಗಳಿಗೆ ಹರಿದರೂ ಅವರ ನೋಂದಣಿ ಹಳ್ಳಿಯಲ್ಲೇ ಉಳಿಯಿತು. ಅದರಿಂದ ಮಕ್ಕಳ ಶಾಲೆ, ಆಸ್ಪತ್ರೆಯ ಸೌಲಭ್ಯ, ಪಿಂಚಣಿ ಎಲ್ಲವೂ ಹಳ್ಳಿಗೇ ಅಂಟಿಕೊಂಡವು. 2003ರಲ್ಲಿ ಗುವಾಂಗ್‌ಝೌ ನಗರದಲ್ಲಿ ಸರಿಯಾದ ಕಾಗದ ಹತ್ತಿರವಿಲ್ಲವೆಂದು ಬಂಧಿತನಾದ ತರುಣನೊಬ್ಬ ವಶದಲ್ಲಿರುವಾಗಲೇ ಸತ್ತ ಮೇಲೆ, ಹೀಗೆ ಹಿಡಿದು ಊರಿಗೆ ವಾಪಸು ಕಳಿಸುವ ಪದ್ಧತಿಯನ್ನು ಅಲ್ಲಿನ ಸರ್ಕಾರ ಕೈಬಿಟ್ಟಿತು. ನೋಂದಣಿ ಪದ್ಧತಿ ಸಡಿಲವಾದರೂ ಇಂದಿಗೂ ಇದೆ, ಮತ್ತು 2023ರ ಅಲ್ಲಿನ ಅಧಿಕೃತ ಲೆಕ್ಕದಂತೆ ಗ್ರಾಮೀಣ ವಲಸೆ ಕಾರ್ಮಿಕರ ಸಂಖ್ಯೆ ಸುಮಾರು 29.7 ಕೋಟಿ.

ಭಾರತದಲ್ಲಿ ಇಂಥ ಪಾಸ್ ಪದ್ಧತಿ ಇಲ್ಲ. ದೇಶದ ಯಾವ ಭಾಗಕ್ಕೂ ಹೋಗಿ ನೆಲೆಸುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೆಯ ವಿಧಿಯೇ ಕೊಟ್ಟಿದೆ. ಆದರೂ ನೆಲೆ ಯಾವುದು ಎಂಬ ಪ್ರಶ್ನೆ ಪಡಿತರ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ, ಬಾಡಿಗೆ ಕರಾರಿನಲ್ಲಿ ಎದುರಾಗುತ್ತಲೇ ಇರುತ್ತದೆ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 20ನೆಯ ಕಲಂ ಈ ವಿಷಯದಲ್ಲಿ ಎರಡು ಮಾತು ಹೇಳುತ್ತದೆ, ಎರಡನ್ನೂ ಒಟ್ಟಿಗೆ ಓದಬೇಕು. ಒಂದು ಊರಿನಲ್ಲಿ ಮನೆಯಿದೆ ಎಂದ ಮಾತ್ರಕ್ಕೆ ಒಬ್ಬನನ್ನು ಅಲ್ಲಿನ ಸಾಮಾನ್ಯ ನಿವಾಸಿ, ಅಂದರೆ ಅಲ್ಲಿನ ಮತದಾರರ ಪಟ್ಟಿಗೆ ಸೇರಬಲ್ಲವನು, ಎಂದು ತಿಳಿಯುವಂತಿಲ್ಲ. ಹಾಗೆಯೇ ತಾತ್ಕಾಲಿಕವಾಗಿ ಊರು ಬಿಟ್ಟಿದ್ದಾನೆ ಎಂದ ಮಾತ್ರಕ್ಕೆ ಅವನು ಅಲ್ಲಿನ ನಿವಾಸಿಯಲ್ಲ ಎನ್ನುವಂತೆಯೂ ಇಲ್ಲ. ಎಷ್ಟು ಕಾಲ ಬಿಟ್ಟರೆ ತಾತ್ಕಾಲಿಕ, ಯಾವಾಗ ಅದು ಶಾಶ್ವತವಾಗುತ್ತದೆ ಎಂಬುದನ್ನು ಕಾಯ್ದೆ ಅಳೆದು ಹೇಳುವುದಿಲ್ಲ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ ಈ ಅಸ್ಪಷ್ಟತೆ ಬೀದಿಯ ಚರ್ಚೆಯಾಯಿತು. ಕರಡು ಪಟ್ಟಿಯಿಂದ ಹೊರಬಿದ್ದ ಸುಮಾರು 65 ಲಕ್ಷ ಹೆಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಶಾಶ್ವತವಾಗಿ ಬೇರೆಡೆಗೆ ಹೋದವರು ಅಥವಾ ವಿಳಾಸದಲ್ಲಿ ಸಿಗದವರು ಎಂಬ ಗುಂಪಿಗೆ ಸೇರಿದ್ದರು. ದುಡಿಮೆಗೆಂದು ದೂರದ ನಗರದಲ್ಲಿರುವವನು ತಾನು ಊರಿನವನೆಂದೇ ನಂಬಿದ್ದಾನೆ, ಪಟ್ಟಿ ಬೇರೆ ಹೇಳುತ್ತದೆ. ನಗರದ ಪಟ್ಟಿಗಂತೂ ಅವನು ಸೇರಿರುವುದಿಲ್ಲ. ಕಾದಂಬರಿಕಾರ ಪಾತ್ರದ ಮನಸ್ಸಿನೊಳಗೆ ಹುಡುಕುವ ಅನಾಥಪ್ರಜ್ಞೆಯ ಒಂದು ದೊಡ್ಡ ಭಾಗ ಇಂಥ ಎರಡು ಪಟ್ಟಿಗಳ ನಡುವೆ ಬಿದ್ದಿರುತ್ತದೆ.

ಹೀಗೆ ಓಡಾಡುವವರು ಎಷ್ಟು ಜನ ಎಂಬುದನ್ನು ಎಣಿಸುವುದೇ ಕಷ್ಟ. 2011ರ ಜನಗಣತಿಯ ಪ್ರಕಾರ ಹಿಂದಿನ ವಾಸಸ್ಥಳ ಬಿಟ್ಟು ಬಂದವರು ಸುಮಾರು 45 ಕೋಟಿ, ಅಂದರೆ ಜನಸಂಖ್ಯೆಯ ಶೇ. 37ರಷ್ಟು. ಆದರೆ ಜನಗಣತಿ ಒಬ್ಬನನ್ನು ಒಂದು ಕಡೆ ನಿಲ್ಲಿಸಿ ಎಣಿಸುತ್ತದೆ. ಗುಳೆ ಹೋಗಿ ಕೆಲವು ತಿಂಗಳಲ್ಲಿ ಮರಳುವವನು ಅದರ ಜಾಲದಿಂದ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತಾನೆ. ಅದಕ್ಕಾಗಿಯೇ 2016-17ರ ಆರ್ಥಿಕ ಸಮೀಕ್ಷೆ ರೈಲಿನ ಕಾಯ್ದಿರಿಸದ ಟಿಕೆಟ್‌ಗಳ ಲೆಕ್ಕದಿಂದ ಈ ಚಲನೆಯನ್ನು ಅಳೆಯಲು ಯತ್ನಿಸಿ, ರಾಜ್ಯದಿಂದ ರಾಜ್ಯಕ್ಕೆ ದುಡಿಮೆಗೆ ಹೋಗುವವರು ವರ್ಷಕ್ಕೆ ಸುಮಾರು 90 ಲಕ್ಷ ಎಂಬ ಅಂದಾಜಿಗೆ ಬಂತು. 2020ರ ಮಾರ್ಚ್‌ನಲ್ಲಿ ದೇಶ ಲಾಕ್‌ಡೌನ್ ಆದಾಗ ಈ ಎಣಿಕೆಗೆ ಸಿಗದ ಜನ ಹೆದ್ದಾರಿಗಳ ಮೇಲೆ ಎಲ್ಲರ ಕಣ್ಣಿಗೂ ಬಿದ್ದರು, ಸುಮಾರು 1.04 ಕೋಟಿ ಕಾರ್ಮಿಕರು ತಮ್ಮ ರಾಜ್ಯಗಳಿಗೆ ಮರಳಿದರೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಮೇ 8ರಂದು ಔರಂಗಾಬಾದ್ ಬಳಿ ಹಳಿಯ ಮೇಲೆ ಮಲಗಿದ್ದ 16 ಜನ ರೈಲಿಗೆ ಸಿಲುಕಿ ಸತ್ತರು. ಆ ತಿಂಗಳುಗಳನ್ನು ಕುರಿತು ಬಂದ ಬಹಳಷ್ಟು ಕಥೆ, ಕವಿತೆ, ಸಾಕ್ಷ್ಯಚಿತ್ರಗಳು ‘ಮನೆಗೆ ಮರಳುವ ದಾರಿ’ಯ ಮೇಲೆ ನಿಂತವು. ಕೆಲವೇ ತಿಂಗಳುಗಳಲ್ಲಿ ಅದೇ ಜನ ಅದೇ ನಗರಗಳಿಗೆ ಹಿಂದಿರುಗಿದ್ದನ್ನು ಬರೆದವರು ಕಡಿಮೆ. ಅವಮಾನಿಸಿ ಹೊರಹಾಕಿದ ನಗರಕ್ಕೆ ಒಬ್ಬ ಮನುಷ್ಯ ಮತ್ತೆ ಬರುವಾಗ ಅವನೊಳಗೆ ಏನಾಗುತ್ತದೆ, ಹಿಂದೆ ಬಾಗಿಲು ಮುಚ್ಚಿದ ಮನೆಯ ಮುಂದೆ ಅವನು ಹೇಗೆ ನಿಲ್ಲುತ್ತಾನೆ, ಮೇಸ್ತ್ರಿಯ ಜೊತೆ ಮುಂಗಡದ ಮಾತನ್ನು ಹೇಗೆ ಆಡುತ್ತಾನೆ ಎಂಬುದು ಕಾದಂಬರಿಯ ವಸ್ತು. ನಡಿಗೆಯ ಚಿತ್ರವನ್ನು ಪತ್ರಿಕೆಯೂ ಕೊಡಬಲ್ಲದು. ಮರಳಿ ಬಂದವನ ಮನಸ್ಸನ್ನು ಕಾದಂಬರಿಯಷ್ಟೇ ಕೊಡಬಲ್ಲದು.

ಊರಿನ ನೆನಪು ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ನಗರದ ಕಥನ ಹಲವು ಸಲ ಮರೆಯುತ್ತದೆ. ತೊಟ್ಟಿಯ ಮನೆ, ಬೆಳಗಿನ ಹೊಗೆ, ಹಬ್ಬದ ಗದ್ದಲ, ಇವುಗಳನ್ನು ಕಳೆದುಕೊಂಡ ನೋವಿನಿಂದಲೇ ವಲಸಿಗನ ಅಸ್ಮಿತೆಯನ್ನು ಕಟ್ಟುವ ಕಥೆಗಳು ಊರಿನಲ್ಲಿ ಅಂಥದೊಂದು ಮನೆ ಇದ್ದವರ ಕಥೆಗಳು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅಂಬೇಡ್ಕರ್ ಅವರು ಹಳ್ಳಿಯನ್ನು ಸಂಕುಚಿತತೆ, ಅಜ್ಞಾನ ಮತ್ತು ಕೋಮುಭಾವಗಳ ಬೀಡು ಎಂದು ಕಟುವಾಗಿ ಟೀಕಿಸಿದ್ದರು. ಆ ಮಾತಿನ ಹಿಂದೆ ಊರಿನ ಹೊರಗೆ ಬದುಕಿದವರ ಅನುಭವವಿದೆ. ಅವರಿಗೆ ನಗರದ ಅಪರಿಚಿತತೆ ಶಾಪವಾಗಿರಲಿಲ್ಲ, ಬಿಡುಗಡೆಯ ಮೊದಲ ಮೆಟ್ಟಿಲಾಗಿತ್ತು. ಸಿದ್ದಲಿಂಗಯ್ಯನವರ ಆತ್ಮಕಥನ ‘ಊರುಕೇರಿ’ಯಲ್ಲಿ ಮಾಗಡಿ ಸೀಮೆಯ ಮಂಚನಬೆಲೆಯಿಂದ ಬೆಂಗಳೂರಿಗೆ ಬರುವ ಹುಡುಗನ ಕಣ್ಣಿಗೆ ಹಳ್ಳಿಯೂ ನಗರವೂ ಕಷ್ಟದ ಜಾಗಗಳೇ, ಆದರೆ ಶಾಲೆ, ಹಾಸ್ಟೆಲು, ಭಾಷಣ, ಗೆಳೆಯರ ಮೂಲಕ ತನ್ನನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳುವ ಅವಕಾಶ ದೊರೆತದ್ದು ನಗರದಲ್ಲಿ. ಅಲ್ಲಿ ಹಂಬಲಕ್ಕಿಂತ ಕುತೂಹಲ ಹೆಚ್ಚು.

ಹಾಗೆಂದು ನಗರ ಜಾತಿಯನ್ನು ಮರೆಸುತ್ತದೆ ಎಂದು ನಂಬುವಂತೆಯೂ ಇಲ್ಲ. ಮರಾಠಿಯ ಬಾಬುರಾವ್ ಬಾಗೂಲ್ ಅವರ 1963ರ ಸಂಕಲನದ ಶೀರ್ಷಿಕೆ ಕಥೆಯಲ್ಲಿ ರೈಲ್ವೆ ನೌಕರಿಗೆಂದು ಸೂರತ್‌ಗೆ ಹೋದ ತರುಣ ಬಾಡಿಗೆಗೆ ಒಂದು ಕೋಣೆ ಕೇಳುವಾಗಲೇ ಜಾತಿಯ ಪ್ರಶ್ನೆ ಎದುರಾಗುತ್ತದೆ; ಬಚ್ಚಿಟ್ಟದ್ದು ಬಯಲಾದಾಗ ಹೊಡೆತ ಬೀಳುತ್ತದೆ. ನಗರದಲ್ಲಿ ನೆಲೆಯೂರುವುದು ಎಂಬುದನ್ನು ಒಂದು ಕೋಣೆಯ ಬಾಗಿಲಿಗೆ ತಂದು ನಿಲ್ಲಿಸಿದ ಈ ಕಥೆ, ಆತ್ಮಶೋಧನೆಯ ನೂರು ಪುಟಗಳಿಗಿಂತ ಹೆಚ್ಚು ಕೆಲಸ ಮಾಡಿದೆ ಎಂದು ನನಗೆ ಅನ್ನಿಸುತ್ತದೆ. ಯಾರಿಗೆ ಮನೆ ಬಾಡಿಗೆಗೆ ಸಿಗುತ್ತದೆ, ಯಾವ ಹೆಸರು ಕೇಳಿದೊಡನೆ ಮನೆ ‘ಈಗಷ್ಟೇ ಹೋಯಿತು’ ಎನ್ನಿಸಿಕೊಳ್ಳುತ್ತದೆ, ಅಡುಗೆಮನೆಯಲ್ಲಿ ಏನು ಬೇಯಿಸಬಾರದು ಎಂಬ ಷರತ್ತನ್ನು ಯಾರಿಗೆ ಹಾಕಲಾಗುತ್ತದೆ ಎಂಬುದರಲ್ಲಿ ಇಂದಿಗೂ ನಗರ ತನ್ನವರನ್ನು ಆರಿಸಿಕೊಳ್ಳುತ್ತದೆ.

ಕನ್ನಡದಲ್ಲಿ ಈ ವಿಷಯದ ಬೇರೊಂದು ಮಗ್ಗುಲನ್ನು ಆಳವಾಗಿ ಕಂಡವರು ಯಶವಂತ ಚಿತ್ತಾಲರು. ‘ಶಿಕಾರಿ’ (1979) ಕಾದಂಬರಿಯ ನಾಗಪ್ಪ ಮುಂಬಯಿಯ ದೊಡ್ಡ ಕಂಪನಿಯ ಅಧಿಕಾರಿ. ಕೂಲಿಯವನಲ್ಲ, ಓದಿದವನು, ವಿದೇಶಕ್ಕೆ ಹೋಗಬಲ್ಲವನು. ಕಾರಣ ತಿಳಿಸದೆ ಕೆಲಸದಿಂದ ದೂರವಿಟ್ಟಾಗ ಅವನ ಬೇಟೆ ಆರಂಭವಾಗುತ್ತದೆ. ಆ ಬೇಟೆಯಲ್ಲಿ ಅವನ ಊರಿನ ಗತವೂ ಒಂದು ಆಯುಧ. ಹಳ್ಳಿಯಿಂದ ತಪ್ಪಿಸಿಕೊಂಡು ಬಂದೆನೆಂದುಕೊಂಡವನಿಗೆ ಊರು ನಗರದ ಕಚೇರಿಯೊಳಗೇ ಎದುರಾಗುತ್ತದೆ; ಅವನನ್ನು ಬಾಲ್ಯದಿಂದ ಬಲ್ಲವರೇ ಅವನನ್ನು ಬಯಲಿಗೆಳೆಯಬಲ್ಲವರು. ಹಳ್ಳಿ ಮತ್ತು ನಗರ ಎಂದು ನಾವು ಸುಲಭವಾಗಿ ಎಳೆಯುವ ಗೆರೆಯನ್ನು ಚಿತ್ತಾಲರು ಇಲ್ಲಿ ಅಳಿಸಿಹಾಕುತ್ತಾರೆ. ವಲಸಿಗನ ಮೊದಲ ಕೆಲಸ, ಮೊದಲ ಕೋಣೆ, ಮೊದಲ ಸಾಲ ಎಲ್ಲವೂ ಸಾಮಾನ್ಯವಾಗಿ ಊರಿನವರ ಮೂಲಕವೇ ಸಿಗುತ್ತವೆ. ಅದೇ ಜಾಲ ಅವನ ಮೇಲೆ ಕಣ್ಣನ್ನೂ ಇಟ್ಟಿರುತ್ತದೆ. ಕಟ್ಟಡದ ಕೆಲಸಕ್ಕೆ ಬಂದವರ ಬಿಡಾರಗಳಲ್ಲೂ ಹೀಗೆಯೇ. ಗುತ್ತಿಗೆದಾರ ಒಂದೇ ತಾಲ್ಲೂಕಿನವರನ್ನು ಕರೆತರುತ್ತಾನೆ, ಮುಂಗಡ ಕೊಟ್ಟು ಕಟ್ಟಿಹಾಕುತ್ತಾನೆ, ಕೆಲಸ ಬಿಟ್ಟು ಓಡಿದರೆ ಊರಿನಲ್ಲಿ ಅಪ್ಪನನ್ನು ಕೇಳುತ್ತಾನೆ. ನೆರವೂ ಹಿಡಿತವೂ ಒಂದೇ ಕೈಯಿಂದ ಬರುವ ಈ ಸಂಬಂಧವನ್ನು ‘ಒಂಟಿತನ’ ಎಂಬ ಹೆಸರಿನಡಿ ತರಲು ಆಗುವುದಿಲ್ಲ. ನಗರದ ಕಾದಂಬರಿ ವಲಸಿಗನನ್ನು ಒಂಟಿಯಾಗಿ ಚಿತ್ರಿಸಲು ಇಷ್ಟಪಡುತ್ತದೆ. ನಿಜದಲ್ಲಿ ಅವನಿಗೆ ಒಂಟಿಯಾಗಿರುವುದಕ್ಕೇ ಜಾಗವಿರುವುದಿಲ್ಲ.

ಹೆಂಗಸರ ವಿಷಯಕ್ಕೆ ಬಂದರೆ ಲೆಕ್ಕವೂ ಕಥನವೂ ಒಟ್ಟಿಗೆ ಎಡವುತ್ತವೆ. ಜನಗಣತಿಯ ಆ 45 ಕೋಟಿಯಲ್ಲಿ ಬಹುಪಾಲು ಹೆಂಗಸರು, ಅವರಲ್ಲಿ ಹೆಚ್ಚಿನವರು ಊರು ಬದಲಿಸಿದ್ದು ಮದುವೆಯಿಂದ. ಹುಟ್ಟಿದ ಊರನ್ನು ಬಿಟ್ಟು ಇನ್ನೊಂದನ್ನು ತನ್ನದೆಂದುಕೊಳ್ಳುವುದು ಅವರಿಗೆ ಕಥೆಯ ತಿರುವಲ್ಲ, ಬದುಕಿನ ನಿಯಮ. ಅದನ್ನು ವಲಸೆ ಎಂದು ಯಾರೂ ಕರೆಯುವುದಿಲ್ಲವಾದ್ದರಿಂದ ಅದರಲ್ಲಿ ಅಸ್ಮಿತೆಯ ಪ್ರಶ್ನೆಯಿದೆ ಎಂದು ಬರೆಯುವವರಿಗೂ ತೋಚುವುದಿಲ್ಲ. ಮದುವೆಯಾಗಿ ಹಳ್ಳಿಯಿಂದ ನಗರಕ್ಕೆ ಬಂದು, ಗಂಡನ ಕೂಲಿ ಸಾಲದೆ ನಾಲ್ಕು ಮನೆಗಳ ಕೆಲಸಕ್ಕೆ ನಿಂತವಳನ್ನು ಜನಗಣತಿಯ ಕಾರಣಗಳ ಪಟ್ಟಿ ದುಡಿಮೆಗೆ ಬಂದವಳೆಂದು ಎಣಿಸುವುದಿಲ್ಲ, ಮದುವೆಯಾಗಿ ಬಂದವಳೆಂದು ಎಣಿಸುತ್ತದೆ. ಕಾದಂಬರಿಯಲ್ಲಿ ಅವಳು ಬಾಗಿಲು ತೆಗೆದು ಒಳಗೆ ಬಂದು, ಮನೆಯವರ ಕಥೆ ನಡೆಯುವಾಗ ಪಾತ್ರೆ ತೊಳೆದು ಹೋಗುತ್ತಾಳೆ. ನಗರದ ಮನೆಗಳ ಒಳಗನ್ನು ಅವಳಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಆ ತಿಳಿವಳಿಕೆಯಿಂದ ಕಟ್ಟಿದ ಕಥನ ಎಷ್ಟು ವಿರಳ ಎಂಬುದನ್ನು ನೆನೆದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಇಲ್ಲಿಂದ ಪ್ರಶ್ನೆ, ಹೇಳುವವರು ಯಾರು ಎಂಬುದರ ಕಡೆಗೆ ತಿರುಗುತ್ತದೆ. ಬ್ರೆಜಿಲ್‌ನ ಕ್ಲಾರಿಸ್ ಲಿಸ್ಪೆಕ್ಟರ್ 1977ರಲ್ಲಿ, ತಾವು ತೀರಿಕೊಂಡ ವರ್ಷ, ಪ್ರಕಟಿಸಿದ ಚಿಕ್ಕ ಕಾದಂಬರಿಯಲ್ಲಿ ಈಶಾನ್ಯದ ಬಡ ಪ್ರಾಂತ್ಯದಿಂದ ರಿಯೋ ನಗರಕ್ಕೆ ಬಂದ ಬೆರಳಚ್ಚುಗಾರ್ತಿ ಮಕಾಬಿಯಾಳ ಕಥೆಯನ್ನು ಹೇಳುವವನು ಒಬ್ಬ ಓದಿದ ಗಂಡಸು. ಅವನಿಗೆ ಅವಳ ಬಗ್ಗೆ ಕನಿಕರವಿದೆ, ನಾಚಿಕೆಯಿದೆ, ಕೆಲವೊಮ್ಮೆ ತಾತ್ಸಾರವೂ ಇದೆ. ಅವಳನ್ನು ಬರೆಯುವ ಹಕ್ಕು ತನಗೆಲ್ಲಿದೆ ಎಂದು ಪುಟಪುಟದಲ್ಲೂ ಒದ್ದಾಡುತ್ತಾನೆ. ಕೊನೆಗೆ ಭವಿಷ್ಯ ಹೇಳುವವಳು ಸುಖದ ನಾಳೆಯನ್ನು ವಾಗ್ದಾನ ಮಾಡಿದ ಮರುಗಳಿಗೆಯೇ ಅವಳು ದುಬಾರಿ ಕಾರಿನಡಿ ಬಿದ್ದು ಸಾಯುತ್ತಾಳೆ. ಈ ಸಾವೂ ಒಂದು ತೀರ್ಮಾನವೇ. ಆದರೆ ತೀರ್ಮಾನ ಕೊಡುತ್ತಿರುವವನು ಯಾರು, ಅವನಿಗೆ ಅದು ಯಾಕೆ ಬೇಕಾಯಿತು ಎಂಬುದನ್ನು ಲಿಸ್ಪೆಕ್ಟರ್ ಓದುಗರಿಂದ ಮರೆಮಾಚುವುದಿಲ್ಲ. ಕಥೆಗಾರನ ಅಧಿಕಾರವನ್ನೇ ಕಥೆಯ ವಸ್ತುವನ್ನಾಗಿಸಿದ ಪ್ರಾಮಾಣಿಕತೆ ಅದು.

ಚೀನಾದಲ್ಲಿ ಬೇರೊಂದು ದಾರಿ ತೆರೆದುಕೊಂಡಿತು. ದಕ್ಷಿಣದ ಕಾರ್ಖಾನೆ ನಗರಗಳಲ್ಲಿ 1980ರ ದಶಕದಿಂದ ಕಾರ್ಮಿಕರೇ ಬರೆದ ಸಾಹಿತ್ಯ ಬೆಳೆಯಿತು. ಸಿಚುವಾನ್ ಪ್ರಾಂತ್ಯದಿಂದ ಡೊಂಗ್‌ಗುವಾನ್ ನಗರದ ಕಾರ್ಖಾನೆಗೆ ಬಂದ ಝೆಂಗ್ ಷಿಯಾವ್‌ಚಿಯೊಂಗ್ ಅಲ್ಲಿಯೇ ಕವಿಯಾದರು. ಹೆಣ್ಣು ಕಾರ್ಮಿಕರನ್ನು ಕುರಿತ ಅವರ 2012ರ ಸಂಕಲನದಲ್ಲಿ ಕವಿತೆಗಳಿಗೆ ಆ ಹೆಂಗಸರ ಹೆಸರುಗಳನ್ನೇ ಇಟ್ಟಿದ್ದಾರೆ. ಕೆಲಸದ ಸಾಲಿನಲ್ಲಿ ಅಂಕಿಯಾಗಿದ್ದವಳಿಗೆ ಪುಟದ ಮೇಲೆ ಹೆಸರು ಮರಳಿ ಸಿಗುತ್ತದೆ. 2017ರಲ್ಲಿ ಬೀಜಿಂಗಿನಲ್ಲಿ ಮಗು ನೋಡಿಕೊಳ್ಳುವ ಕೆಲಸದಲ್ಲಿದ್ದ ಫ್ಯಾನ್ ಯೂಸು ತಮ್ಮ ಬದುಕಿನ ಬಗ್ಗೆ ಬರೆದ ಒಂದು ಪ್ರಬಂಧವನ್ನು ಲಕ್ಷಾಂತರ ಜನ ಓದಿದರು. ನಗರದ ಅಂಚಿನ ಪಿಚುನ್ ಎಂಬ ಬಡಾವಣೆಯಲ್ಲಿ ಕಾರ್ಮಿಕರೇ ನಡೆಸುತ್ತಿದ್ದ ಸಾಹಿತ್ಯ ಗುಂಪಿನಲ್ಲಿ ಅವರು ಬರವಣಿಗೆ ರೂಢಿಸಿಕೊಂಡವರು. ಇಬ್ಬರಿಗೂ ಹೆಸರು ತಂದ ಈ ಬರಹಗಳು ಕಾದಂಬರಿಗಳಲ್ಲ ಎಂಬುದನ್ನು ಗಮನಿಸಬೇಕು. ಪಾಳಿಯ ನಡುವೆ ಬರೆಯುವವರಿಗೆ ಕವಿತೆಯೂ ಪುಟ್ಟ ಗದ್ಯವೂ ಕೈಗೆಟಕುತ್ತವೆ. ನಾನೂರು ಪುಟಗಳ ಕಾದಂಬರಿಗೆ ಬೇಕಾದ ಸಮಯ, ಮೇಜು, ಮುಚ್ಚಿಕೊಳ್ಳಬಹುದಾದ ಬಾಗಿಲು ಯಾರ ಬಳಿ ಇವೆಯೋ ಅವರು ಈಗಾಗಲೇ ನೆಲೆ ಕಂಡವರು. ವಲಸಿಗರ ಕಾದಂಬರಿಗಳಲ್ಲಿ ನೆಲೆ ಕಂಡವನ ದೃಷ್ಟಿ ಇರುವುದಕ್ಕೆ ಇದೊಂದು ಸರಳವಾದ, ಆರ್ಥಿಕವಾದ ಕಾರಣ.

ಆದರೂ ಕಾದಂಬರಿ ಕೈಚೆಲ್ಲಿದೆ ಎನ್ನಲಾರೆ. ಟರ್ಕಿಯ ಓರ್ಹಾನ್ ಪಾಮುಕ್ ಅವರ 2014ರ ಕಾದಂಬರಿಯಲ್ಲಿ ಅನಟೋಲಿಯಾದ ಹಳ್ಳಿಯಿಂದ 1969ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ ಇಸ್ತಾಂಬುಲ್‌ಗೆ ಬರುವ ಮೆವ್ಲುತ್ ನಾಲ್ಕು ದಶಕ ಬೀದಿಗಳಲ್ಲಿ ನಡೆಯುತ್ತಾನೆ. ರಾತ್ರಿ ಹೊತ್ತು ಬೋಜಾ ಎಂಬ ಹುದುಗಿನ ಪಾನೀಯ ಮಾರುತ್ತಾನೆ. ಅವನ ಬಂಧುಗಳು ಸರ್ಕಾರಿ ಗುಡ್ಡದ ಮೇಲೆ ರಾತ್ರೋರಾತ್ರಿ ಗೋಡೆ ಎಬ್ಬಿಸಿ ಜಾಗ ಹಿಡಿಯುತ್ತಾರೆ. ಮುಂದೆ ಅದೇ ಗುಡ್ಡದಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತವೆ. ಪಾಮುಕ್ ಇಲ್ಲಿ ಕಂಡುಕೊಂಡ ಒಂದು ಸತ್ಯ ನನಗೆ ಬಹಳ ಮುಖ್ಯವೆನಿಸುತ್ತದೆ. ಮೇಲಿನ ಮಹಡಿಗಳಿಂದ ಮೆವ್ಲುತ್‌ನನ್ನು ಕರೆದು ಬೋಜಾ ಕೊಳ್ಳುವ ಸ್ಥಿತಿವಂತರಿಗೆ ಬೇಕಾಗಿರುವುದು ಆ ಪಾನೀಯಕ್ಕಿಂತ ಹೆಚ್ಚಾಗಿ ಅವನ ಕೂಗು. ಅದು ಅವರಿಗೆ ಕಳೆದ ಕಾಲವನ್ನು ನೆನಪಿಸುತ್ತದೆ. ನಗರ ಅವನನ್ನು ತನ್ನವನೆಂದು ಒಪ್ಪುವುದು ಅವನು ಹಳೆಯದರ ಗುರುತಾಗಿ ಉಳಿದಿರುವವರೆಗೆ ಮಾತ್ರ. ಅವನು ಬದಲಾದರೆ ಆ ಕರೆಯೂ ಇಲ್ಲ. ಗೆಲುವೂ ಅಲ್ಲದ, ಸೋಲೂ ಅಲ್ಲದ ಬದುಕೊಂದನ್ನು ಪಾಮುಕ್ ಉದ್ದಕ್ಕೂ ಕಾಯುತ್ತಾರೆ, ಅವನ ಬಂಧುಬಳಗದ ಅನೇಕ ದನಿಗಳಿಗೆ ಕಥೆಯ ನಡುವೆ ಬಾಯಿಹಾಕಲು ಬಿಡುತ್ತಾರೆ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ಇನ್ನೊಂದು ಬಗೆಯವು. ಬೇರೆ ಬೇರೆ ಊರುಗಳಿಂದ ಬಂದವರು ಅಲ್ಲಿ ಪರಸ್ಪರರಿಗೆ ಕ್ಷಣಕಾಲದ ಬಂಧುಗಳಾಗುತ್ತಾರೆ; ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಹೆಸರು ಕೇಳದೆ ಒದಗುತ್ತಾರೆ. ನಿನ್ನ ಮೂಲ ಯಾವುದೆಂದು ಕಥೆ ಪಾತ್ರವನ್ನು ಹಿಡಿದು ಕೇಳುವುದಿಲ್ಲ. ಸಣ್ಣಕಥೆಗೆ ಬದುಕಿನ ಪೂರ್ತಿ ಲೆಕ್ಕ ಒಪ್ಪಿಸಬೇಕಾದ ಹೊರೆಯಿಲ್ಲ ಎಂಬುದು ಇಲ್ಲಿ ವರವಾಗಿದೆ.

ಈಗ ಪರಿಸ್ಥಿತಿ ಇನ್ನೊಮ್ಮೆ ಬದಲಾಗಿದೆ, ಬರೆಯುವವರು ಅದನ್ನು ಇನ್ನಷ್ಟೇ ಹಿಡಿಯಬೇಕು. ಹಿಂದಿನ ಕಾದಂಬರಿಯಲ್ಲಿ ಊರು ಎಂದರೆ ಕಾಗದದಲ್ಲಿ ತಡವಾಗಿ ತಲುಪುವ ಸುದ್ದಿ: ತಾಯಿ ತೀರಿಕೊಂಡು ವಾರವಾದ ಮೇಲೆ ಮಗನಿಗೆ ತಿಳಿಯುತ್ತಿತ್ತು, ಆ ಅಂತರದಲ್ಲೇ ಕಥೆ ಹುಟ್ಟುತ್ತಿತ್ತು. ಈಗ ಕಟ್ಟಡದ ಹತ್ತನೆಯ ಮಹಡಿಯಲ್ಲಿ ಗಾರೆ ಕಲಸುತ್ತಿರುವವನ ಜೇಬಿನಲ್ಲಿ ಊರಿನ ಜಗಳ, ಮಳೆ, ಪಂಚಾಯಿತಿ ಚುನಾವಣೆ, ಮಗುವಿನ ಜ್ವರ ಎಲ್ಲವೂ ಗಂಟೆಗಂಟೆಗೆ ಬಂದು ಬೀಳುತ್ತವೆ; ದುಡಿದ ಹಣ ಅಂದೇ ಸಂಜೆ ಮನೆ ತಲುಪುತ್ತದೆ. ಅವನು ದೂರವಿದ್ದೂ ಊರಿನ ವ್ಯವಹಾರದಲ್ಲಿ ದಿನವೂ ಪಾಲುದಾರ. ಮನೆ ಕಟ್ಟುವ ಮೇಸ್ತ್ರಿಗೆ ವೀಡಿಯೊ ಕರೆಯಲ್ಲೇ ಕಿಟಕಿ ಎಲ್ಲಿರಬೇಕೆಂದು ಹೇಳುತ್ತಾನೆ, ಆ ಕಿಟಕಿಯ ಪಕ್ಕ ತಾನು ವರ್ಷಕ್ಕೆ ಎಷ್ಟು ದಿನ ಕೂರುವೆನೆಂಬುದು ಅವನಿಗೂ ತಿಳಿಯದು. ಕಳೆದುಕೊಂಡ ಊರಿನ ಕಥೆ ಅವನಿಗೆ ಒಪ್ಪುವುದಿಲ್ಲ, ಏಕೆಂದರೆ ಅವನು ಕಳೆದುಕೊಂಡಿಲ್ಲ. ನಗರದಲ್ಲಿ ಕಳೆದುಹೋದವನ ಕಥೆಯೂ ಒಪ್ಪುವುದಿಲ್ಲ. ಎರಡು ಕಡೆಯೂ ಅರ್ಧರ್ಧ ಹಾಜರಿರುವ ದಣಿವು ಅವನದು.

ಇವರ ಮಕ್ಕಳ ಪಾಡು ಮತ್ತೊಂದು. ನಗರದಲ್ಲೇ ಹುಟ್ಟಿ, ನಗರದ ಶಾಲೆಯ ಭಾಷೆಯಾಡಿ, ಹಬ್ಬಕ್ಕೆ ಮಾತ್ರ ಊರು ಕಂಡ ಹುಡುಗಿಗೆ ಊರಿನ ಅಜ್ಜಿ ‘ಪ್ಯಾಟಿ ಹುಡುಗಿ’ ಎನ್ನುತ್ತಾಳೆ, ನಗರದ ಕಾಲೇಜಿನಲ್ಲಿ ಅರ್ಜಿ ತುಂಬುವಾಗ ಸ್ವಂತ ಸ್ಥಳದ ಜಾಗದಲ್ಲಿ ಅಪ್ಪನ ಹಳ್ಳಿಯ ಹೆಸರು ಬರೆಯಬೇಕಾಗುತ್ತದೆ. ಹಳ್ಳಿಯಲ್ಲಿ ಅವಳಿಗೆ ಹೊಲವಿಲ್ಲ, ನಗರದಲ್ಲಿ ಸ್ವಂತ ಮನೆಯಿಲ್ಲ, ಆದರೆ ನಗರದ ಬಸ್ಸಿನ ದಾರಿಗಳು, ಯಾವ ಗಲ್ಲಿಯಲ್ಲಿ ಎಷ್ಟು ಹೊತ್ತಿಗೆ ನೀರು ಬರುತ್ತದೆ, ಯಾವ ಕಚೇರಿಯಲ್ಲಿ ಯಾರನ್ನು ಹಿಡಿದರೆ ಕೆಲಸವಾಗುತ್ತದೆಂಬುದು ಅವಳಿಗೆ ಬಾಯಿಪಾಠ. ಅವಳನ್ನು ವಲಸಿಗಳೆಂದು ಕರೆಯಲು ಆಗದು, ಆದರೂ ಬಾಡಿಗೆ ಮನೆ ಕೇಳಲು ಹೋದರೆ ಮಾಲೀಕರ ಮೊದಲ ಪ್ರಶ್ನೆ ‘ಯಾವ ಊರವರು’ ಎಂಬುದೇ. ಈ ಹುಡುಗಿಯ ಕಾದಂಬರಿಯನ್ನು ಅಪ್ಪನ ವಲಸೆಯಿಂದ ಆರಂಭಿಸುವ ಅಗತ್ಯವಿಲ್ಲ, ಅವಳನ್ನು ಹಳ್ಳಿಗೆ ಕರೆದೊಯ್ದು ಮುಗಿಸುವ ಅಗತ್ಯವೂ ಇಲ್ಲ. ಅವಳು ಹುಟ್ಟಿದ ಶೆಡ್ಡಿನ ಸಾಲನ್ನು ಒಕ್ಕಲೆಬ್ಬಿಸಿ ಎಷ್ಟು ಸಲ ನಗರದ ಹೊರಹೊರಗೆ ದೂಡಿದರು, ಪ್ರತಿ ಸಲವೂ ಅವಳಮ್ಮ ಹೊಸ ಪಡಿತರ ಅಂಗಡಿ, ಹೊಸ ಶಾಲೆ, ಹೊಸ ಕೆಲಸದ ಮನೆಗಳನ್ನು ಹೇಗೆ ಹುಡುಕಿಕೊಂಡಳು ಎಂಬ ನಗರದೊಳಗಿನ ಪ್ರಯಾಣವೇ ಅದಕ್ಕೆ ಸಾಕಷ್ಟು ವಸ್ತು, ಮತ್ತು ಅದನ್ನು ಬರೆಯಬಲ್ಲ ಮೊದಲ ತಲೆಮಾರು ಈಗ ಕಾಲೇಜಿನ ಮೆಟ್ಟಿಲು ಹತ್ತಿದೆ.